ಕಣ್ಣು ಬಿಟ್ಟ ಮೇಲೆ ಏನಾಯಿತು? ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಐದನೇ ಅಧ್ಯಾಯ

ಫ್ರಾಂಕೆನ್‌ಸ್ಟೈನ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಸಿಡಿಲು, ಕಿಡಿ ಹಾರುವ ಯಂತ್ರಗಳು, ಮೇಜಿನ ಮೇಲೆ ಕಟ್ಟಿ ಮಲಗಿಸಿದ ದೇಹ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸಹಾಯಕ, ಕುತ್ತಿಗೆಯಲ್ಲಿ ಬೋಲ್ಟು. ಪುಸ್ತಕದಲ್ಲಿ ಆ ರಾತ್ರಿ ಆ ಕೋಣೆಯೊಳಗೆ ಇದರಲ್ಲಿ ಒಂದೂ ಇಲ್ಲ. ಸಹಾಯಕ ಬಂದದ್ದು 1823ರಲ್ಲಿ ಲಂಡನ್ನಿನಲ್ಲಿ ಆಡಿದ ನಾಟಕದಿಂದ. ಯಂತ್ರ, ಸಿಡಿಲು, ಬೋಲ್ಟು 1931ರ ಹಾಲಿವುಡ್ ಸಿನಿಮಾದಿಂದ. ಕಾದಂಬರಿ ಬರೆದ ಮೇರಿ ಶೆಲ್ಲಿ ಆ ನಾಟಕವನ್ನು ತಾನೇ ಹೋಗಿ ನೋಡಿದ್ದಳು. ಪಾತ್ರಗಳ ಪಟ್ಟಿಯಲ್ಲಿ, ಆ ದೇಹಕ್ಕೆ ಜೀವ ಬಂದು ಹುಟ್ಟಿದ ಜೀವಿಯ ಹೆಸರಿರಬೇಕಾದ ಕಡೆ ಬರೀ ಒಂದು ಗೆರೆ ಎಳೆದಿದ್ದರಂತೆ. ಅವಳಿಗೆ ಅದು ಹಿಡಿಸಿತ್ತು.

ಹಾಗಾದರೆ ಪುಸ್ತಕದಲ್ಲಿ ಇರುವುದೇನು? ನವೆಂಬರ್ ತಿಂಗಳ ಒಂದು ರಾತ್ರಿ. ಒಂದು ಗಂಟೆ. ಕಿಟಕಿಯ ಗಾಜಿಗೆ ಮಳೆ ಬಡಿಯುತ್ತಿದೆ. ಮೇಣದ ಬತ್ತಿ ಇನ್ನೇನು ಮುಗಿಯುವುದರಲ್ಲಿದೆ. ಜರ್ಮನಿಯ ಇಂಗೋಲ್‌ಸ್ಟಾಟ್ ಊರಿನಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಅವನೇ ಜೋಡಿಸಿದ ದೇಹ ಬಿದ್ದಿರುವುದು ಅವನ ಕಾಲ ಬುಡದಲ್ಲಿ. ಜೀವ ತುಂಬುವ ಸಲಕರಣೆಗಳನ್ನೆಲ್ಲ ಹತ್ತಿರ ಎಳೆದುಕೊಂಡೆ ಅನ್ನುತ್ತಾನೆ. ಯಾವ ಸಲಕರಣೆ? ಹೇಳುವುದಿಲ್ಲ. ಹಿಂದಿನ ಅಧ್ಯಾಯದಲ್ಲೇ, ಆ ಗುಟ್ಟು ಮಾತ್ರ ಕೇಳಬೇಡಿ ಅಂದುಬಿಟ್ಟಿದ್ದಾನೆ. ಬತ್ತಿಯ ಮಂಕು ಬೆಳಕಿನಲ್ಲಿ ಒಂದು ಹಳದಿ ಕಣ್ಣು ತೆರೆದುಕೊಳ್ಳುತ್ತದೆ. ಜೋರಾಗಿ ಉಸಿರು ಎಳೆದುಕೊಳ್ಳುತ್ತದೆ. ಕೈಕಾಲು ಅದುರುತ್ತವೆ.

ಅಷ್ಟೇ. ಎರಡು ವರ್ಷದ ಕೆಲಸ ಮೊದಲ ಪ್ಯಾರಾದಲ್ಲೇ ಮುಗಿದುಹೋಯಿತು. ಅಧ್ಯಾಯ ಮಾತ್ರ ಇನ್ನೂ ಎಷ್ಟೋ ಪುಟ ಮುಂದೆ ಹೋಗುತ್ತದೆ. ಆ ಉಳಿದ ಪುಟಗಳನ್ನು ನಾವು ಓದುವುದೇ ಇಲ್ಲ. ಓದಿದರೂ ಮರೆತುಬಿಡುತ್ತೇವೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಪುಟಗಳ ಬಗ್ಗೆ. ಈ ಕಾದಂಬರಿ ತಿರುಗುವುದು ರಾತ್ರಿ ಒಂದು ಗಂಟೆಗಲ್ಲ, ಮರುದಿನ ಬೆಳಿಗ್ಗೆ, ಒಂದು ಮೆಟ್ಟಿಲಿನ ಬುಡದಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮುಂಚೆ ಈ ಅಧ್ಯಾಯ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಆಕಾಶಕ್ಕೆ ಎಸೆದ ಬೂದಿ, ಗಂಧಕದಿಂದಾಗಿ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲೂ ಚಳಿ, ಮಳೆ. ಆ ಮಳೆಯಲ್ಲಿ ಜಿನೀವಾ ಸರೋವರದ ದಡದ ಒಂದು ಮನೆಯಲ್ಲಿ ಕವಿ ಬೈರನ್, ಅವನ ವೈದ್ಯ ಪೊಲಿಡೋರಿ, ಕವಿ ಪರ್ಸಿ ಶೆಲ್ಲಿ, ಮೇರಿ, ಅವಳ ಮಲತಂಗಿ ಕ್ಲೇರ್ ಸೇರುತ್ತಿದ್ದರು. ಹೊರಗೆ ಹೋಗುವ ಹಾಗಿಲ್ಲ. ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ ಬೈರನ್. ಮೇರಿಗೆ ಆಗ ಹದಿನೆಂಟು ವರ್ಷ.

ಒಂದು ರಾತ್ರಿ ಬೈರನ್ ಮತ್ತು ಪರ್ಸಿ ಜೀವ ಅಂದರೇನು, ಅದನ್ನು ಹುಟ್ಟಿಸಬಹುದೇ ಅಂತ ಮಾತಾಡುತ್ತಾ ಕೂತಿದ್ದರು. ಮೇರಿ ಸುಮ್ನೆ ಕೇಳುತ್ತಿದ್ದಳು. ಡಾಕ್ಟರ್ ಡಾರ್ವಿನ್ ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದ ಶಾವಿಗೆ ತಂತಾನೇ ಅಲುಗಾಡಿತಂತೆ ಅನ್ನುವ ಮಾತೂ ಅಲ್ಲಿ ಬಂತು. ಇವನು ನಮಗೆ ಗೊತ್ತಿರುವ ಡಾರ್ವಿನ್ ಅಲ್ಲ, ಅವನ ತಾತ ಎರಾಸ್ಮಸ್. ಶಾವಿಗೆಯ ಕಥೆಯನ್ನು ಮೇರಿಯೂ ಪೂರ್ತಿ ನಂಬಿ ಬರೆದ ಹಾಗಿಲ್ಲ. ಡಾರ್ವಿನ್ ನಿಜವಾಗಿ ಹಾಗೆ ಮಾಡಿದನೋ ಇಲ್ಲವೋ, ಜನ ಹಾಗೆ ಹೇಳುತ್ತಿದ್ದರು ಅಂತಷ್ಟೇ ಹೇಳಿ ಜಾರಿಕೊಳ್ಳುತ್ತಾಳೆ.

ಶಾವಿಗೆಗಿಂತ ಗಟ್ಟಿಯಾದ ಸುದ್ದಿಯೂ ಆ ಕಾಲದಲ್ಲಿತ್ತು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಕುಣಿಸಿದ್ದು ನೀವು ಶಾಲೆಯಲ್ಲಿ ಓದಿರುತ್ತೀರಿ. ಅವನ ಸೋದರಳಿಯ ಅಲ್ದಿನಿ ಕಪ್ಪೆಗೆ ನಿಲ್ಲಲಿಲ್ಲ. 1803ರ ಜನವರಿಯಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಜಾರ್ಜ್ ಫಾಸ್ಟರ್ ಎಂಬವನನ್ನು ಗಲ್ಲಿಗೇರಿಸಿದರು. ಆ ಹೆಣದ ಮೇಲೆ ಅಲ್ದಿನಿ ಬ್ಯಾಟರಿಯ ಪ್ರಯೋಗ ಮಾಡಿದ. ದವಡೆ ನಡುಗಿತು, ಒಂದು ಕಣ್ಣು ತೆರೆದುಕೊಂಡಿತು. ಒಂದು ಕಣ್ಣು! ಆಗ ಮೇರಿ ಅದೇ ಲಂಡನ್ನಿನಲ್ಲಿದ್ದ ಐದು ವರ್ಷದ ಹುಡುಗಿ. ದೊಡ್ಡವಳಾದ ಮೇಲೆ ಬರೆದ ಮುನ್ನುಡಿಯಲ್ಲಿ ಗಾಲ್ವಾನಿಯ ವಿದ್ಯೆಯ ಹೆಸರು ಎತ್ತುತ್ತಾಳೆ. ಕಾದಂಬರಿಯ ಈ ಅಧ್ಯಾಯದಲ್ಲಿ ಮಾತ್ರ ಅದನ್ನು ಒಂದು ‘ಕಿಡಿ’ಗೆ ಇಳಿಸಿ ಕೈ ತೊಳೆದುಕೊಂಡಿದ್ದಾಳೆ. ಅವಳ ಕುತೂಹಲ ಬೇರೆ ಕಡೆ ಇತ್ತು.

ಆ ಮಾತುಕತೆ ಆದ ರಾತ್ರಿ ಅವಳಿಗೆ ಅರೆನಿದ್ದೆಯಲ್ಲಿ ಈ ದೃಶ್ಯ ಕಂಡಿತಂತೆ. ಮರುದಿನ ಕೂತು ಬರೆದ ಮೊದಲ ಮಾತೇ ಈ ನವೆಂಬರ್ ರಾತ್ರಿಯ ಮಾತು. ಅಂದರೆ ಈಗ ಐದನೇ ಅಧ್ಯಾಯವಾಗಿರುವುದು ಮೊದಲು ಕಾದಂಬರಿಯ ಬಾಗಿಲಾಗಿತ್ತು. ವಿಕ್ಟರನ ಬಾಲ್ಯ, ಹಿಮದ ಸಮುದ್ರದಲ್ಲಿ ಸಿಕ್ಕಿಕೊಂಡ ಹಡಗು ಎಲ್ಲ ಆಮೇಲೆ ಬಂದು ಅದರ ಮುಂದೆ ಕೂತವು. ಪುಸ್ತಕ ಅಚ್ಚಾಗಿದ್ದು 1818ರ ಜನವರಿ 1ರಂದು, 500 ಪ್ರತಿ, ಮೂರು ಸಂಪುಟ, ಲೇಖಕರ ಹೆಸರಿಲ್ಲ. ಪರ್ಸಿಯೇ ಬರೆದಿರಬೇಕು ಅಂದುಕೊಂಡವರಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕೂಡ ಒಬ್ಬ. 1818ರ ಪ್ರತಿಯಲ್ಲಿ ಇದು ಮೊದಲ ಸಂಪುಟದ ನಾಲ್ಕನೇ ಅಧ್ಯಾಯ. 1831ರಲ್ಲಿ ತಿದ್ದಿ ಅಚ್ಚು ಹಾಕಿದಾಗ ಐದನೆಯದಾಯಿತು. ನಿಮ್ಮ ಮನೆಯ ಪ್ರತಿಯಲ್ಲಿ ಸಂಖ್ಯೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ.

ಈಗ ಕೋಣೆಗೆ ವಾಪಸ್ ಹೋಗೋಣ. ಕಣ್ಣು ತೆರೆಯಿತು. ವಿಕ್ಟರ್ ಏನು ಮಾಡಬೇಕಿತ್ತು? ಕುಣಿಯಬೇಕಿತ್ತು. ಹಿಂದಿನ ಅಧ್ಯಾಯದಲ್ಲಿ ಇವನೇ, ಹೊಸದೊಂದು ಜೀವಕುಲ ನನ್ನನ್ನು ಸೃಷ್ಟಿಕರ್ತ ಅಂತ ಹರಸುತ್ತದೆ, ಯಾವ ತಂದೆಗೂ ಮಕ್ಕಳಿಂದ ಸಿಗದಷ್ಟು ಕೃತಜ್ಞತೆ ನನಗೆ ಸಿಗುತ್ತದೆ ಅಂತ ಲೆಕ್ಕ ಹಾಕಿ ಕೂತಿದ್ದ. ಒಂದೊಂದು ಅಂಗವನ್ನೂ ಆರಿಸಿ ತಂದವನು ಅವನೇ. ಚಿಕ್ಕ ಭಾಗ ಜೋಡಿಸುವುದು ಕಷ್ಟ, ತಡವಾಗುತ್ತದೆ ಅಂತ ಎಂಟು ಅಡಿ ಎತ್ತರಕ್ಕೆ ಅಳತೆ ಹಿಗ್ಗಿಸಿದವನೂ ಅವನೇ. ಚೆನ್ನಾಗಿ ಕಾಣಲಿ ಅಂತಲೇ ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು ಆರಿಸಿದ್ದ. ಅಲುಗಾಡದೆ ಬಿದ್ದಿದ್ದಾಗ ಎಲ್ಲ ಸರಿಯಿತ್ತು. ಅಲುಗಾಡಿದ ಕೂಡಲೇ ಅದೇ ಕೂದಲು, ಅದೇ ಹಲ್ಲು ನೀರು ತುಂಬಿದ ಕಣ್ಣಿನ ಪಕ್ಕ, ಕಪ್ಪು ತುಟಿಯ ಪಕ್ಕ ಅಸಹ್ಯವಾಗಿ ಕಂಡವು. ವಿಕ್ಟರ್ ಕೋಣೆ ಬಿಟ್ಟು ಓಡಿಹೋದ.

ಗಮನಿಸಿ, ಆ ಜೀವಿ ಇನ್ನೂ ಏನೂ ಮಾಡಿಲ್ಲ. ಉಸಿರಾಡಿದೆ, ಅಷ್ಟೇ.

ಓಡಿಹೋಗಿ ಮಾಡಿದ್ದೇನು? ಪಕ್ಕದ ಮಲಗುವ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿ, ಹಾಕಿದ ಬಟ್ಟೆಯಲ್ಲೇ ಬಿದ್ದು ನಿದ್ದೆ ಹೋದ. ನನಗೆ ಇಡೀ ಅಧ್ಯಾಯದಲ್ಲಿ ಅತಿ ವಿಚಿತ್ರವಾಗಿ ಕಾಣುವುದು ಈ ನಿದ್ದೆ. ಬಾಗಿಲಾಚೆ ಎಂಟು ಅಡಿಯ ಹೊಸ ಜೀವ ಕಣ್ಣು ಪಿಳಿಪಿಳಿ ಬಿಡುತ್ತಿದೆ, ಇವನು ಮಲಗಿದ್ದಾನೆ! ಎರಡು ವರ್ಷ ಸರಿಯಾಗಿ ನಿದ್ದೆ ಮಾಡದವನು ಹಾಗೆ ಬಿದ್ದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಬಹುದು. ಇರಬಹುದು. ಕನಸಿನಲ್ಲಿ ಅವನ ಪ್ರೀತಿಯ ಎಲಿಜಬೆತ್ ಇಂಗೋಲ್‌ಸ್ಟಾಟ್‌ನ ಬೀದಿಯಲ್ಲಿ ನಡೆದು ಬರುತ್ತಾಳೆ. ಮುತ್ತು ಕೊಡುತ್ತಾನೆ. ಅವಳ ತುಟಿಗೆ ಸಾವಿನ ಬಣ್ಣ ಬರುತ್ತದೆ. ನೋಡಿದರೆ ತೋಳಲ್ಲಿರುವುದು ಸತ್ತ ತಾಯಿಯ ಹೆಣ, ಹೊದಿಸಿದ ಬಟ್ಟೆಯ ಮಡಿಕೆಗಳಲ್ಲಿ ಹುಳ. ಬೆಚ್ಚಿ ಏಳುತ್ತಾನೆ.

ಎದ್ದರೆ ಮುಂದೆ ಅವನು, ಆ ಜೀವಿ. ಕಿಟಕಿ ಬಾಗಿಲ ಸಂದಿಯಿಂದ ನುಸುಳಿದ ಬೆಳದಿಂಗಳಲ್ಲಿ, ಮಂಚದ ಪರದೆಯನ್ನು ಎತ್ತಿ ಹಿಡಿದು ನಿಂತಿದ್ದಾನೆ. ಕಣ್ಣು ವಿಕ್ಟರನ ಮೇಲೆ ನೆಟ್ಟಿದೆ. ಬಾಯಿ ತೆರೆದು ಏನೋ ಶಬ್ದ ಮಾಡುತ್ತಾನೆ, ಮಾತಲ್ಲ. ಕೆನ್ನೆ ಸುಕ್ಕಾಗಿ ನಗುವಿನ ಹಾಗೆ ಏನೋ. ಒಂದು ಕೈ ಮುಂದೆ ಚಾಚಿದೆ. ನನ್ನನ್ನು ಹಿಡಿದು ನಿಲ್ಲಿಸುವುದಕ್ಕೆ ಇರಬೇಕು ಅಂತ ವಿಕ್ಟರ್ ಹೇಳುತ್ತಾನೆ. ತಪ್ಪಿಸಿಕೊಂಡು ಮೆಟ್ಟಿಲಿಳಿದು ಓಡುತ್ತಾನೆ.

ಈ ಪ್ಯಾರಾವನ್ನು ಒಮ್ಮೆ ಹೇಳುವವನನ್ನು ಪಕ್ಕಕ್ಕಿಟ್ಟು ಓದಿ. ಹುಟ್ಟಿ ಕೆಲವೇ ಗಂಟೆಯಾದ ಜೀವ. ತಾನು ಕಂಡಿರುವ ಒಬ್ಬನೇ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಬಂದಿದೆ. ಮುಖ ನೋಡುತ್ತದೆ, ತೊದಲುತ್ತದೆ, ನಗುತ್ತದೆ, ಕೈ ಚಾಚುತ್ತದೆ. ತೊಟ್ಟಿಲಲ್ಲಿರುವ ಕೂಸು ಮಾಡುವುದೂ ಈ ನಾಲ್ಕೇ ಕೆಲಸ ಅಲ್ವಾ? ಇಲ್ಲಿ ಮೇಲೆ ಕೆಳಗಾಗಿದೆ ಅಷ್ಟೇ. ಮಲಗಿರುವುದು ದೊಡ್ಡವನು, ಪರದೆ ಸರಿಸಿ ಇಣುಕುತ್ತಿರುವುದು ಕೂಸು.

ಇನ್ನೂ ಒಂದು ವಿಷಯವಿದೆ. ಹನ್ನೊಂದನೇ ಅಧ್ಯಾಯದಲ್ಲಿ ಆ ಜೀವಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಅಲ್ಲಿ ಈ ರಾತ್ರಿಯ ಕೈ ಚಾಚಿದ ಪ್ರಸಂಗ ಇಲ್ಲವೇ ಇಲ್ಲ. ಹುಟ್ಟಿದ ಹೊತ್ತಿನದೆಲ್ಲ ಕಲಸಿಹೋಗಿದೆ, ಸರಿಯಾಗಿ ನೆನಪಿಲ್ಲ ಅನ್ನುತ್ತಾನೆ. ಬೆಳಕು ಬಂತು, ಕತ್ತಲಾಯಿತು, ನಡೆದೆ, ಇಳಿದೆ ಅಂತ ಇಷ್ಟಿಷ್ಟೇ. ಹಾಗಾಗಿ ಆ ಕೈಗೆ ಇರುವ ಸಾಕ್ಷಿ ಓಡಿಹೋದವನೊಬ್ಬನೇ. ಹಿಡಿಯಲು ಬಂತು ಅನ್ನುವುದು ಅವನ ಅಂದಾಜು. ಮೇರಿ ಆ ಅಂದಾಜನ್ನು ಅವನ ಬಾಯಲ್ಲಿಟ್ಟು, ಬೇರೆ ಥರ ಓದಲು ಬೇಕಾದ ಚಿಕ್ಕಪುಟ್ಟ ವಿವರವನ್ನೂ ಅದೇ ಪ್ಯಾರಾದಲ್ಲಿ ಬಿಟ್ಟಿದ್ದಾಳೆ. ಹತ್ತೊಂಬತ್ತು ದಾಟುವ ಮುಂಚೆ ಈ ಕಾದಂಬರಿಗೆ ಕೈ ಹಾಕಿದವಳಿಗೆ ಈ ಕಸುಬು ಎಲ್ಲಿಂದ ಬಂತೋ!

ಹುಟ್ಟಿನ ಸಂಗತಿ ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅವಳ ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಬರೆದ ದೊಡ್ಡ ಹೆಸರು, ಮಗಳನ್ನು ಹೆತ್ತು ಹನ್ನೊಂದೇ ದಿನಕ್ಕೆ ಬಾಣಂತಿ ಜ್ವರದಿಂದ ತೀರಿಕೊಂಡಳು. 1815ರ ಫೆಬ್ರವರಿಯಲ್ಲಿ ಮೇರಿ ಮೊದಲ ಮಗುವನ್ನು ಹೆತ್ತಳು. ದಿನ ತುಂಬದ ಹೆಣ್ಣುಕೂಸು. ಮಾರ್ಚ್ ಮೊದಲ ವಾರದಲ್ಲಿ ತೀರಿಹೋಯಿತು. ಮಾರ್ಚ್ 19ರ ದಿನಚರಿಯಲ್ಲಿ ಒಂದು ಕನಸು ಬರೆದಿದ್ದಾಳೆ. ಮಗು ಸತ್ತಿರಲಿಲ್ಲವಂತೆ, ತಣ್ಣಗಾಗಿತ್ತಷ್ಟೇ. ಬೆಂಕಿಯ ಮುಂದೆ ಹಿಡಿದು ಮೈ ತಿಕ್ಕಿದರು, ಬದುಕಿತು. ಎಚ್ಚರವಾದಾಗ ಮಗು ಇಲ್ಲ.

ಈಗ ಹನ್ನೊಂದನೇ ಅಧ್ಯಾಯಕ್ಕೆ ಬನ್ನಿ. ಆ ಜೀವಿಗೆ ಮೊದಮೊದಲು ತಿಳಿದದ್ದರಲ್ಲಿ ಒಂದು ಚಳಿ. ಚಳಿಗೆ ವಿಕ್ಟರನ ಮನೆಯಲ್ಲಿ ಸಿಕ್ಕ ಬಟ್ಟೆ ಸುತ್ತಿಕೊಂಡು ಹೊರಟ. ಅದು ಸಾಲಲಿಲ್ಲ. ಊರಾಚೆಯ ಕಾಡಿನಲ್ಲಿ ಕತ್ತಲಲ್ಲಿ ಎಚ್ಚರವಾಯಿತು, ಮೈಯೆಲ್ಲ ನೋವು, ಕೂತು ಅತ್ತುಬಿಟ್ಟೆ ಅನ್ನುತ್ತಾನೆ. ಬದುಕಿನಲ್ಲಿ ನಡೆದದ್ದನ್ನೆಲ್ಲ ಕಥೆಗೆ ತಾಳೆ ಹಾಕುವ ವಿಮರ್ಶೆ ನನಗೆ ಅಷ್ಟಾಗಿ ಇಷ್ಟವಿಲ್ಲ. ಆದರೂ ಆ ದಿನಚರಿಯ ಪುಟವನ್ನೂ ಈ ಪುಟವನ್ನೂ ಅಕ್ಕಪಕ್ಕ ಇಟ್ಟರೆ, ತಣ್ಣಗಾದ ಮೈಗೆ ಬೆಂಕಿ ಕಾಯಿಸುವ ಯಾರೋ ಒಬ್ಬರು ಇಲ್ಲಿ ಇರಬೇಕಿತ್ತು ಅಂತ ಅನಿಸದೆ ಇರುವುದಿಲ್ಲ.

ವಿಕ್ಟರ್ ಉಳಿದ ರಾತ್ರಿ ಕಳೆದದ್ದು ಅಂಗಳದಲ್ಲಿ, ಮಳೆಯಲ್ಲಿ. ಇಂಗೋಲ್‌ಸ್ಟಾಟ್ ಮೇರಿ ಕಟ್ಟಿದ ಊರಲ್ಲ, ನಿಜವಾದ ಊರು. 1472ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಶುರುವಾಗಿತ್ತು, 1800ರಲ್ಲಿ ಅದನ್ನು ಬೇರೆ ಊರಿಗೆ ಎಬ್ಬಿಸಿದರು. ಹೆಣ ಕೊಯ್ದು ಕಲಿಸುತ್ತಿದ್ದ ಹಳೆಯ ಕಟ್ಟಡ ಇನ್ನೂ ಇದೆ, ಈಗ ವೈದ್ಯಕೀಯದ ಚರಿತ್ರೆಯ ಮ್ಯೂಸಿಯಂ. ಇರಲಿ. ಚರ್ಚಿನ ಗಡಿಯಾರದಲ್ಲಿ ಬೆಳಗಿನ ಆರು. ಕಾವಲಿನವನು ಗೇಟು ತೆಗೆದ. ವಿಕ್ಟರ್ ಬೀದಿಗಿಳಿದು, ಯಾವ ತಿರುವಿನಲ್ಲಿ ಅವನು ಎದುರಾಗುತ್ತಾನೋ ಅಂತ ಹೆದರುತ್ತಾ ನಡೆದ. ಒಂದು ಛತ್ರದ ಮುಂದೆ ಸುಮ್ನೆ ನಿಂತಿದ್ದಾಗ ಸ್ವಿಟ್ಜರ್ಲೆಂಡ್ ಕಡೆಯ ಗಾಡಿ ಬಂತು. ಇಳಿದವನು ಬಾಲ್ಯದ ಗೆಳೆಯ ಕ್ಲರ್ವಲ್.

ಆ ಕ್ಷಣಕ್ಕೆ ಎಲ್ಲ ಮರೆತೇಹೋಯಿತಂತೆ. ಎಷ್ಟೋ ತಿಂಗಳ ಮೇಲೆ ಮನಸ್ಸಿಗೆ ನೆಮ್ಮದಿ ಅನಿಸಿತಂತೆ. ಗೆಳೆಯ ಮುಖ ನೋಡಿದ. ಏನೋ ಇದು, ಎಷ್ಟು ಸೊರಗಿದ್ದೀಯ, ಎಷ್ಟೋ ರಾತ್ರಿ ಎದ್ದಿದ್ದ ಹಾಗಿದೆ ಅಂದ. ಸರಿಯಾಗಿ ಹೇಳಿದೆ, ಒಂದು ಕೆಲಸ ಹಿಡಿದಿದ್ದೆ, ಈಗ ಅದು ಮುಗಿಯಿತು, ಇನ್ನು ನಾನು ಆರಾಮ ಅಂದುಕೊಂಡಿದ್ದೇನೆ ಅಂತ ವಿಕ್ಟರ್ ಉತ್ತರ ಕೊಟ್ಟ. ಮುಗಿಯಿತಂತೆ!

ಇಬ್ಬರೂ ಮನೆಯ ಬಾಗಿಲಿಗೆ ಬಂದರು. ಇದೇ ನಾನು ಹೇಳಿದ ಮೆಟ್ಟಿಲು. ಮೇಲೆ ಅವನು ಇನ್ನೂ ಇದ್ದರೆ? ವಿಕ್ಟರ್ ಇಲ್ಲಿ ಒಂದು ಮಾತು ಹೇಳುತ್ತಾನೆ. ಅವನನ್ನು ನೋಡುವುದಕ್ಕೆ ನನಗೆ ಭಯವಿತ್ತು, ಆದರೆ ಕ್ಲರ್ವಲ್ ಅವನನ್ನು ನೋಡಿಬಿಟ್ಟಾನು ಅನ್ನುವ ಭಯ ಅದಕ್ಕಿಂತ ಜಾಸ್ತಿ ಇತ್ತು ಅಂತ. ಗೆಳೆಯನ ಜೀವಕ್ಕೆ ಅಪಾಯ ಅನ್ನುವ ಭಯ ಅಲ್ಲ. ಗೊತ್ತಾಗಿಬಿಡುತ್ತಲ್ಲ ಅನ್ನುವ ಭಯ. ಎರಡು ನಿಮಿಷ ಇಲ್ಲೇ ಇರು ಅಂತ ಗೆಳೆಯನನ್ನು ಕೆಳಗೆ ನಿಲ್ಲಿಸಿ, ಒಬ್ಬನೇ ಮೇಲೆ ಹತ್ತಿ, ದೆವ್ವ ನಿಂತಿದೆಯೇನೋ ಅಂತ ಮಕ್ಕಳು ಮಾಡುವ ಹಾಗೆ ಬಾಗಿಲನ್ನು ಧಡ್ ಅಂತ ತಳ್ಳಿದ. ಕೋಣೆ ಖಾಲಿ. ಖುಷಿಯಿಂದ ಚಪ್ಪಾಳೆ ತಟ್ಟಿದ.

ಎಲ್ಲಿ ಹೋದ? ಕೇಳುವುದಿಲ್ಲ. ಊರಿನಲ್ಲಿ ಯಾರಿಗಾದರೂ ಏನಾದರೂ ಮಾಡಿಯಾನೇ? ಕೇಳುವುದಿಲ್ಲ. ಮಾತು ಬಾರದ, ದಾರಿ ಗೊತ್ತಿಲ್ಲದ ಜೀವ ಈ ಮಳೆಯಲ್ಲಿ ಏನು ತಿಂದೀತು? ಆ ಪ್ರಶ್ನೆಯಂತೂ ಹತ್ತಿರವೂ ಸುಳಿಯುವುದಿಲ್ಲ. ಆಳು ತಿಂಡಿ ತಂದಿಟ್ಟ. ವಿಕ್ಟರ್ ಕುರ್ಚಿಗಳ ಮೇಲಿಂದ ಜಿಗಿದ, ಗಹಗಹಿಸಿ ನಕ್ಕ. ಆಮೇಲೆ ಕುಸಿದು ಬಿದ್ದ. ಜ್ವರ ತಿಂಗಳುಗಟ್ಟಲೆ ಹಿಡಿಯಿತು. ಜ್ವರದಲ್ಲಿ ಆ ಜೀವಿಯ ಬಗ್ಗೆಯೇ ಬಡಬಡಿಸಿದ. ಆರೈಕೆ ಮಾಡುತ್ತಿದ್ದ ಕ್ಲರ್ವಲ್ ಎಲ್ಲವನ್ನೂ ಕೇಳಿಸಿಕೊಂಡ, ಪಾಪ, ಜ್ವರದ ಮಾತು ಅಂದುಕೊಂಡ.

ಅಧ್ಯಾಯದ ಕೊನೆಯಂತೂ ನನಗೆ ತುಂಬಾ ಇಷ್ಟ. ವಸಂತ ಬಂದಿದೆ, ವಿಕ್ಟರ್ ಚೇತರಿಸಿಕೊಂಡಿದ್ದಾನೆ. ಒಂದು ವಿಷಯ ಮಾತಾಡಬಹುದಾ ಅಂತ ಕ್ಲರ್ವಲ್ ಮೆಲ್ಲಗೆ ಕೇಳುತ್ತಾನೆ. ವಿಕ್ಟರನ ಎದೆ ಧಸಕ್ಕೆನ್ನುತ್ತದೆ. ಗೊತ್ತಾಯಿತಾ? ಮುಖದ ಬಣ್ಣ ಬದಲಾಗುತ್ತದೆ. ವಿಷಯ ಏನಪ್ಪಾ ಅಂದರೆ, ನಿಮ್ಮ ಅಪ್ಪನಿಗೂ ಎಲಿಜಬೆತ್‌ಗೂ ಒಂದು ಕಾಗದ ಬರಿ, ಅವರು ಕಾಯುತ್ತಿದ್ದಾರೆ ಅಂತ. ಅಷ್ಟೇನಾ, ಅವರನ್ನು ನಾನು ನೆನೆಯದೆ ಇರುತ್ತೇನಾ ಅಂತ ವಿಕ್ಟರ್ ಹಗುರಾಗುತ್ತಾನೆ. ಎಂಥ ಭೀಕರ ಕಥೆಯೊಳಗೆ ಎಂಥ ಹಾಸ್ಯ ನೋಡಿ! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಗಾದೆಗೆ ಬರೆದಿಟ್ಟ ದೃಶ್ಯದ ಹಾಗಿದೆ.

ಮನುಷ್ಯ ದೇವರ ಕೆಲಸಕ್ಕೆ ಕೈ ಹಾಕಬಾರದು ಅನ್ನುವುದೇ ಈ ಕಥೆಯ ನೀತಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮೇರಿಯೇ 1831ರ ಮುನ್ನುಡಿಯಲ್ಲಿ ಆ ಧಾಟಿಯಲ್ಲಿ ಬರೆದಿದ್ದಾಳೆ, ಇಲ್ಲ ಅನ್ನುವುದಿಲ್ಲ. ವಿಕ್ಟರ್ ಕೂಡ ಜ್ಞಾನ ಎಷ್ಟು ಅಪಾಯ ನನ್ನನ್ನು ನೋಡಿ ಕಲಿಯಿರಿ ಅನ್ನುತ್ತಾನೆ. ಆದರೆ ಅವನು ಹಾಗೆ ಹೇಳುವುದು ಅವನಿಗೆ ಅನುಕೂಲ. ತಪ್ಪು ಜ್ಞಾನದ್ದಾದರೆ ಮೆಟ್ಟಿಲ ಬುಡದಲ್ಲಿ ನಿಂತವನದಲ್ಲ. ನಮ್ಮ ಕಡೆ ಕೆಲವರು ಭಸ್ಮಾಸುರನ ಕಥೆಗೆ ಹೋಲಿಸುತ್ತಾರೆ. ವರ ಕೊಟ್ಟವನ ತಲೆಯ ಮೇಲೇ ಕೈ ಇಡಲು ಬಂದ ರಾಕ್ಷಸ, ಸರಿ. ಆದರೆ ಭಸ್ಮಾಸುರ ಬೇಡಿದ್ದನ್ನು ಪಡೆದು ತಿರುಗಿಬಿದ್ದವನು. ಇಲ್ಲಿ ಹುಟ್ಟಿಸು ಅಂತ ಯಾರೂ ಬೇಡಿರಲಿಲ್ಲ. ಕಾದಂಬರಿಯ ಮೊದಲ ಪುಟದಲ್ಲೇ ಮೇರಿ ಹಾಕಿರುವುದು ಇಂಗ್ಲಿಷ್ ಕವಿ ಮಿಲ್ಟನ್ನನ ಸಾಲು. ಮಣ್ಣಿನಿಂದ ನನ್ನನ್ನು ಮನುಷ್ಯನಾಗಿ ಮಾಡು ಅಂತ ನಾನು ಕೇಳಿದ್ದೆನೇ ಅಂತ ಬೈಬಲಿನ ಮೊದಲ ಮನುಷ್ಯ ಆದಾಮ ತನ್ನನ್ನು ಸೃಷ್ಟಿಸಿದವನನ್ನು ಕೇಳುವ ಸಾಲು.

ಮುಂದೆ ಆಗುವುದೆಲ್ಲ ಆ ಬೆಳಗಿನ ಬಾಯಿಮುಚ್ಚಿದ ಲೆಕ್ಕವೇ. ಪುಟ್ಟ ತಮ್ಮ ವಿಲಿಯಂ ಕೊಲೆಯಾಗುತ್ತಾನೆ. ಕೊಂದವನು ಯಾರು ಅಂತ ವಿಕ್ಟರ್‌ಗೆ ಗೊತ್ತು. ಮನೆಗೆಲಸದ ಜಸ್ಟೀನ್ ಮೇಲೆ ಆರೋಪ ಬರುತ್ತದೆ. ಯಾರೂ ನಂಬುವುದಿಲ್ಲ, ಹುಚ್ಚ ಅನ್ನುತ್ತಾರೆ ಅಂತ ಇವನು ಸುಮ್ಮನಿರುತ್ತಾನೆ. ಜಸ್ಟೀನ್ ಗಲ್ಲಿಗೆ ಹೋಗುತ್ತಾಳೆ. ಕ್ಲರ್ವಲ್ ಕೊನೆಯವರೆಗೂ ಏನೂ ತಿಳಿಯದೆ ಸಾಯುತ್ತಾನೆ. ಎಲಿಜಬೆತ್‌ಗೆ, ಒಂದು ಗುಟ್ಟಿದೆ, ಮದುವೆಯ ಮರುದಿನ ಎಲ್ಲ ಹೇಳುತ್ತೇನೆ ಅಂತ ಕಾಗದ ಬರೆಯುತ್ತಾನೆ. ಮದುವೆಯ ರಾತ್ರಿಯೇ ಅವಳ ಕೊಲೆಯಾಗುತ್ತದೆ. ಕೊನೆಗೆ ಜಿನೀವಾದ ನ್ಯಾಯಾಧಿಕಾರಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ಅವನು ಮರ್ಯಾದೆಯಿಂದ ಕೇಳಿ, ಇದು ಸನ್ನಿಯ ಮಾತು ಅಂದುಕೊಂಡು ಸಮಾಧಾನ ಮಾಡುತ್ತಾನೆ.

ಹಾಗಾದರೆ ಇವನ ಬಳಿ ಒಂದು ಪುರಾವೆಯೂ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಆ ಜೀವ ಹುಟ್ಟುವ ಮುಂಚಿನ ನಾಲ್ಕು ತಿಂಗಳ ಕೆಲಸವನ್ನು ವಿಕ್ಟರ್ ದಿನದಿನವೂ ಬರೆದಿಟ್ಟಿದ್ದ. ಆ ಹಾಳೆಗಳು ಒಂದು ಬಟ್ಟೆಯ ಜೇಬಿನಲ್ಲಿದ್ದವು. ಆ ರಾತ್ರಿ ಚಳಿಗೆ ಆ ಜೀವಿ ಸುತ್ತಿಕೊಂಡು ಹೋದದ್ದು ಅದೇ ಬಟ್ಟೆ. ಮನುಷ್ಯರ ಮಾತು, ಓದು ಕಲಿತ ಮೇಲೆ ಅವನು ಅದನ್ನೆಲ್ಲ ಓದುತ್ತಾನೆ. ತಾನು ಹೇಗೆ ತಯಾರಾದೆ, ತನ್ನನ್ನು ಮಾಡುವಾಗ ಮಾಡಿದವನಿಗೆ ಎಷ್ಟು ಹೇಸಿಗೆಯಾಗಿತ್ತು, ಎಲ್ಲ ಅದರಲ್ಲಿದೆ. ಗೆಳೆಯನಿಗೆ, ಹೆಂಡತಿಯಾಗುವವಳಿಗೆ ಬಚ್ಚಿಟ್ಟಿದ್ದನ್ನು ವಿಕ್ಟರನ ಕೈಬರಹದಲ್ಲೇ ಓದಿದವನು ಅವನೊಬ್ಬ. ಆಲ್ಪ್ಸ್ ಬೆಟ್ಟದ ಗುಡಿಸಲಿನಲ್ಲಿ ಎದುರು ಬದುರು ಕೂತಾಗ, ಈ ಹಾಳೆಗಳು ನಿನಗೆ ನೆನಪಿರಬೇಕಲ್ಲ, ಇಗೋ ಇಲ್ಲಿವೆ ಅಂತ ಮುಂದಿಡುತ್ತಾನೆ. ಅದು ಹದಿನೈದನೇ ಅಧ್ಯಾಯ. ಅದನ್ನು ಓದುವಾಗ ಐದನೆಯದನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.